ನಿನಗೊಬ್ಬನಿಗೇ ಹೇಳಿದ ಗುಟ್ಟು

ಬಾಗಿಲು ಮೂರನೆಯ ಸಲ ಸದ್ದು ಮಾಡಿದಾಗ ಅತ್ತಿಗೆ ಗಂಡನ ಮಾತ್ರೆಯ ಡಬ್ಬಿಯನ್ನು ಹಿಟ್ಟಿನ ಡಬ್ಬದ ತಳಕ್ಕೆ ಹುಗಿಯುತ್ತಿದ್ದಳು. ‘ಯಾರಾದರೂ ಬಂದರೆ ಹಿಟ್ಟಿಗೆ ಹಾಕು’ ಎಂಬುದು ಅವನೇ ಹೇಳಿಕೊಟ್ಟ ಉಪಾಯ. ಹೇಳಿಕೊಟ್ಟವನು ಈಗ ಒಳಕೋಣೆಯ ಮಂಚದ ಮೇಲೆ, ಬಿಳಿಯ ಹೊದಿಕೆಯ ಕೆಳಗೆ, ಯಾವ ಉಪಾಯದ ಹಂಗೂ ಇಲ್ಲದೆ ಮಲಗಿದ್ದ. ಮೊಳಕೈವರೆಗೆ ಬೆಳ್ಳಗಾದ ತೋಳನ್ನು ಹೊರಗೆಳೆದು, ಹಿಟ್ಟನ್ನು ಅಂಗೈಯಿಂದ ಸವರಿ ಸಮ ಮಾಡಿ, ಮುಚ್ಚಳ ಒತ್ತಿ, “ಬಂದೆ, ಬಂದೆ! ಬಾಡಿಗೆ ಮನೆ ಇದು, ಬಾಗಿಲು ಮುರೀಬೇಡಿ” ಎನ್ನುತ್ತ ಅವಳು ಅಗುಳಿ ತೆಗೆದಳು.

ಹೊರಗೆ ಟ್ಯಾಕ್ಸಿಯವನು ನಿಂತಿದ್ದ. ಬಗಲಲ್ಲಿ ಹೊಸ ಟವೆಲು, ಕೈಯಲ್ಲಿ ಕಾಗದ ಬಿಚ್ಚದ ಸಾಬೂನು. ಚಳಿಯ ಬೆಳಗಾದರೂ ಕೋಟನ್ನು ಭುಜಕ್ಕೆ ಹಾಕಿಕೊಂಡು ಶರ್ಟಿನ ತೋಳನ್ನು ಮೊಳಕೈ ಮೇಲಕ್ಕೆ ಮಡಿಸಿದ್ದ.

“ಅತ್ತಿಗೆ, ಅಣ್ಣನಿಗೆ ಸ್ನಾನ ಮಾಡಿಸೋದು ನಾನು. ನಾನೊಬ್ಬನೇ. ಬೇರೆ ಯಾರನ್ನೂ ಆ ಕೋಣೆಗೆ ಬಿಡಬೇಡಿ.”

“ನೀನ್ಯಾಕಪ್ಪಾ? ನಾನಿಲ್ವಾ? ಇಪ್ಪತ್ತೊಂಬತ್ತು ವರ್ಷ ಆ ಬೆನ್ನು ಉಜ್ಜಿದೋಳು ನಾನು.”

“ಎಂಬತ್ತೈದು ಕೆ.ಜಿ. ಆಸಾಮಿ ಅತ್ತಿಗೆ. ಹೊರಳಿಸೋಕೆ ಆಗುತ್ತಾ ನಿಮ್ಮ ಕೈಲಿ?”

“ಆಗುತ್ತೆ.”

“ಆಗಲ್ಲ.”

“ಬದುಕಿದ್ದಾಗಲೇ ಗೊರಕೆ ಹೊಡೆದ್ರೆ ಒಂದೇ ಕೈಯಲ್ಲಿ ಹೊರಳಿಸ್ತಿದ್ದೆ. ಹೋಗು, ಹೋಗಿ ಕುರ್ಚಿ ಹಾಕಿಸು.”

ಅವನು ಹೋಗಲಿಲ್ಲ. ಸಾಬೂನನ್ನು ಎದೆಗವಚಿಕೊಂಡು, ಕೂಸನ್ನು ಕಿತ್ತುಕೊಂಡಾರು ಎಂಬಂತೆ, ಮೆಟ್ಟಿಲ ಬಾಯಲ್ಲೇ ಕೂತ.

ಆ ಬೀದಿಯಲ್ಲಿ ಅವಳ ಗಂಡನನ್ನು ಎಲ್ಲರೂ ಹಬೆಯಣ್ಣ ಎನ್ನುತ್ತಿದ್ದರು, ಅವಳನ್ನು ಅತ್ತಿಗೆ ಎನ್ನುತ್ತಿದ್ದರು. ಮೂರಂತಸ್ತಿನ ಕಟ್ಟಡದ ಬುಡದಲ್ಲಿ ಅವರ ಒಗೆಯುವ, ಇಸ್ತ್ರಿ ಮಾಡುವ ಅಂಗಡಿ, ತುದಿಯಲ್ಲಿ ಮನೆ. ಬೆಳಗಿನಿಂದ ಸಂಜೆಯವರೆಗೆ ಅಂಗಡಿಯ ಬಾಯಿಂದ ಹಬೆ ಹೊರಬರುತ್ತಿತ್ತು, ಹಬೆಯ ಜೊತೆಗೆ ಅವನ ಮಾತೂ ಬರುತ್ತಿತ್ತು. ಮಕ್ಕಳಿರಲಿಲ್ಲ, ಆದರೆ ಆ ಬೀದಿಗೆ ಬೀದಿಯೇ ಪರದೇಶಿಗಳದು, ಒಂದು ಪೆಟ್ಟಿಗೆ, ಒಂದು ಒಳ್ಳೆಯ ಶರ್ಟು ಹಿಡಿದು ಗಡಿ ದಾಟಿ ಬಂದವರದು. ಅಲ್ಲಿ ಅಣ್ಣ, ಅತ್ತಿಗೆ ಎನಿಸಿಕೊಳ್ಳಲು ಹೆಚ್ಚು ಕಷ್ಟಪಡಬೇಕಿರಲಿಲ್ಲ. ಮೊನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಗಿರಾಕಿಯೊಬ್ಬನ ಕೋಟನ್ನು ಎತ್ತಿ ಹಿಡಿದು, “ಅಯ್ಯಾ, ಈ ಕೋಟಿಗಿಂತ ನೀನೇ ಹೆಚ್ಚು ಸುಕ್ಕಾಗಿದೀಯಲ್ಲ” ಎಂದು, ತನ್ನ ಮಾತಿಗೆ ತಾನೇ ನಕ್ಕು, ಸ್ಟೂಲಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಎಪ್ಪತ್ತೊಂದು ವರ್ಷ. ಹೃದಯ ನಿಂತಿದೆ ಎಂದರು ವೈದ್ಯರು. ಅತ್ತಿಗೆಗೆ ಅದರಲ್ಲೂ ಒಂದು ಹೆಮ್ಮೆ: ಅವನನ್ನು ಕೊಂಡೊಯ್ಯಲು ಕಾದಿದ್ದ ರೋಗ ಬೇರೆ. ಇಪ್ಪತ್ತೊಂಬತ್ತು ವರ್ಷ ಕಾದೂ ಕಾದೂ ಅದು ಬರಿಗೈಯಲ್ಲಿ ಉಳಿಯಿತು.

ಆ ರೋಗದ ಹೆಸರನ್ನು ಅವಳು ಮನೆಯೊಳಗೂ ಬಾಯಿಬಿಟ್ಟು ಹೇಳಿದವಳಲ್ಲ. ಎಚ್‌ಐವಿ. ದಿನಕ್ಕೊಂದು ಹೊತ್ತು ತಪ್ಪದ ಮಾತ್ರೆ, ಆರು ತಿಂಗಳಿಗೊಮ್ಮೆ ರಕ್ತ, ಮತ್ತು ಬಾಯಿಗೆ ಬೀಗ. ಈ ದಿನದ ಬಗ್ಗೆ ಅವಳಿಗಿದ್ದುದು ಒಂದೇ ಹಂಬಲ: ಅವನನ್ನು ಜನ ಮುಟ್ಟಬೇಕು, ನಾಲ್ಕು ಹೆಗಲು ಹೊರಬೇಕು. ಗುಟ್ಟು ಸಂಜೆಯವರೆಗೆ ಉಳಿದರೆ ಸಾಕು. ಆಮೇಲೆ ಅದು ರಟ್ಟಾದರೂ ಅವನಿಗೇನೂ ಆಗದು, ತನಗಂತೂ ಏನಾದರೂ ಆಗಲಿ.

ಹೀಗೆ ಜನ ಹಿಂದೆ ಸರಿಯುವುದನ್ನು ಅವಳು ಕಂಡಿದ್ದಳು. ಕಂಡಿದ್ದಳು ಎಂದರೆ ಸಾಲದು.

*

ಮೂವತ್ತು ವರ್ಷಗಳ ಹಿಂದೆ ಇದೇ ಬೀದಿಯಲ್ಲಿ ಒಬ್ಬ ಬಣ್ಣದವನಿದ್ದ. ಏಣಿಯ ತುದಿಯಲ್ಲಿ ನಿಂತು ಗೋಡೆ ಬಳಿಯುತ್ತ ಹಾಡುವವನು. ಅವನೂ ಹಬೆಯಣ್ಣನೂ ಒಂದೇ ಕೋಣೆಯಲ್ಲಿ, ಒಂದೇ ಒಲೆಯಲ್ಲಿ ಬದುಕಿದವರು. ಬಣ್ಣದವನಿಗೆ ಜ್ವರ ಬಿಡದಾಯಿತು, ಮೈ ಇಳಿಯಿತು, ಹಾಡು ಕೆಮ್ಮಾಯಿತು.

“ರಕ್ತ ತೋರಿಸ್ಕೊಂಡು ಬಾರಯ್ಯ” ಎಂದರೆ, “ಇದೆ ಅಂತ ಬಂದ್ರೆ ಅವತ್ತೇ ಗಾಡಿಗೆ ಹತ್ತಿಸಿ ಊರಿಗೆ ಕಳಿಸ್ತಾರೆ. ಇಲ್ಲೇ ಸಾಯ್ತೀನಿ, ಹಾಗೆ ಹೋಗಲ್ಲ” ಎನ್ನುತ್ತಿದ್ದ.

ಬೀದಿಯಲ್ಲಿ ಎಲ್ಲರೂ ಹಾಗೆಯೇ ನಂಬಿದ್ದರು. ಯಾರು ಹೇಳಿದರು ಎಂದು ಯಾರೂ ಕೇಳಿರಲಿಲ್ಲ. ಹೇಳಿದಂತೆಯೇ ಬಣ್ಣದವನು ಅಲ್ಲೇ ಸತ್ತ. ಕೊನೆಗಳಿಗೆಯಲ್ಲಿ ಒಯ್ದಿದ್ದ ಆಸ್ಪತ್ರೆಯವರು ಹೆಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದು ಬೀದಿಯ ತುದಿಯಲ್ಲಿ ಇಳಿಸಿದರು. ಅವನು ಬಣ್ಣ ಬಳಿದಿದ್ದ ಗೋಡೆಗಳ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಹಬೆಯಣ್ಣ ಒಬ್ಬನೇ, ಬಟ್ಟೆ ಸಾಗಿಸುವ ಕೈಗಾಡಿಯ ಮೇಲೆ ಅವನನ್ನು ಮಲಗಿಸಿ, ತಳ್ಳಿಕೊಂಡು ಹೋದ. ಮುಚ್ಚಿಕೊಂಡ ಕಿಟಕಿಗಳಲ್ಲಿ ಒಂದು ಅತ್ತಿಗೆಯದು. ಆಗ ಅವಳು ಯಾರಿಗೂ ಅತ್ತಿಗೆಯಲ್ಲ. ಬೀದಿಗೆ ಹೊಸದಾಗಿ ಬಂದು, ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದ ಮೂವತ್ತೆರಡರ ಹೆಂಗಸು.

ಮರುದಿನ ಅದೇ ಆಸ್ಪತ್ರೆಯ ಪರೀಕ್ಷೆಯ ಕೋಣೆಯ ಮುಂದೆ ಅವಳು ಒರೆಸಿದ ನೆಲವನ್ನು ಒಬ್ಬ ಗಂಡಸು ಏಳು ಸಲ ತುಳಿದ. ಬಾಗಿಲವರೆಗೆ ಹೋಗುವುದು, ಬೆಂಚಿಗೆ ವಾಪಸು ಬರುವುದು.

“ಒಳಗೆ ಹೋಗ್ತೀರೋ, ಇಲ್ಲಾ ನಾನು ಎಂಟನೇ ಸಲ ಒರೆಸ್ಲೋ?” ಎಂದು ಅವಳು ಕೋಲು ಊರಿ ನಿಂತಳು.

ಅವನು ನಾಚಿಕೆಗೆ ಬಿದ್ದು ಒಳಗೆ ಹೋದ. ಪರೀಕ್ಷೆಗೆ ಏಕೆ ಬಂದೆ ಎಂದು ಆಸ್ಪತ್ರೆಯವರು ಕೇಳಿದರೆ ಆಮೇಲೆ ಅವನು ಕೊಡುತ್ತಿದ್ದ ಉತ್ತರ ಒಂದೇ: “ನೆಲ ಒರೆಸೋಳ ಬಾಯಿಗೆ ಹೆದರಿ.”

ಫಲಿತಾಂಶ ತಿಳಿದ ದಿನ ಅವನು ಅದೇ ಬೆಂಚಿನ ಮೇಲೆ ಬಂದು ಕೂತ. ಹೊಸ ಮಾತ್ರೆಗಳು ಬಂದಿವೆ, ಬದುಕಬಹುದು ಎಂದಿದ್ದರು. ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ, ಚೀಟಿ ಈ ಕಪಾಟಿನಲ್ಲಿರುತ್ತದೆ, ಬೀಗದ ಕೈ ನನ್ನ ಹತ್ತಿರ ಇರುತ್ತದೆ ಎಂದಿದ್ದಳು ನರ್ಸು. ಅವನಿಗೆ ಅಳು ಬಂದದ್ದು ಆ ಬೀಗದ ಕೈಗೆ. ಬಣ್ಣದವನು ಈ ಮಾತು ಕೇಳದೆ ಹೋದನಲ್ಲ ಎಂದು. ಅವಳು ಬಕೆಟ್ಟನ್ನು ಪಕ್ಕಕ್ಕಿಟ್ಟು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

“ನಿಮಗೊಬ್ಬರಿಗೇ ಹೇಳ್ತಿದೀನಿ” ಎಂದು ಅವನು ಹೇಳಿದ.

ಅವಳು ಎದ್ದು ಹೋಗಲಿಲ್ಲ. “ಅವತ್ತು ಕಿಟಕಿ ಮುಚ್ಚಿದೋರಲ್ಲಿ ನಾನೂ ಒಬ್ಬಳು” ಎಂದಳು. ಅದು ಅವಳು ಅವನಿಗೆ ಹೇಳಿದ ಗುಟ್ಟು. ಒಂದಕ್ಕೊಂದು ಸಮವಾಯಿತು. ರೋಗ ಎಲ್ಲಿಂದ, ಹೇಗೆ ಬಂತೆಂದು ಮದುವೆಗೆ ಮುಂಚೆ ಅವನೇ ಹೇಳಿದ. ಆ ಮಾತು ಅವರಿಬ್ಬರೊಳಗೇ ಉಳಿಯಿತು. ಅವಳ ರಕ್ತವನ್ನೂ ನೋಡಿದರು, ಆಮೇಲೆ ವರ್ಷವರ್ಷವೂ ನೋಡಿದರು. ಅವಳಿಗೆ ಏನೂ ಅಂಟಲಿಲ್ಲ, ಅವನ ಹರಟೆಯೊಂದರ ಹೊರತು.

*

ಹತ್ತು ಗಂಟೆಗೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದರಿನಲ್ಲಿ ಕ್ರೇನ್ ನಡೆಸುವವನು ಬಂದ. ಅವನೂ ತೋಳು ಮಡಿಸಿಕೊಂಡೇ ಬಂದಿದ್ದ, ಅವನ ಬಗಲಲ್ಲೂ ಟವೆಲು. ಅವನನ್ನು ಕಂಡು ಟ್ಯಾಕ್ಸಿಯವನು ಸಾಬೂನನ್ನು ಇನ್ನೂ ಬಿಗಿಯಾಗಿ ಹಿಡಿದ. ಹೋಟೆಲಿನ ಅಡುಗೆಯವನು, ದೊಡ್ಡ ಹೊಟ್ಟೆಯ, ಸಣ್ಣ ದನಿಯ ಮನುಷ್ಯ, ಬಂದವನೇ “ಇಷ್ಟು ಜನ ಹಸ್ಕೊಂಡಿರೋಕಾಗುತ್ತಾ” ಎಂದು ಅಡುಗೆಮನೆಗೆ ನುಗ್ಗಿದ. ಅತ್ತಿಗೆ ಅವನ ಹಿಂದೆಯೇ ಓಡಿದಳು. ಅಷ್ಟರಲ್ಲಿ ಅವನು ಹಿಟ್ಟಿನ ಡಬ್ಬದ ಮುಚ್ಚಳ ತೆಗೆದು ಕೈ ಇಳಿಸಿಯಾಗಿತ್ತು.

ಅವನ ಕೈ ನಿಂತಿತು.

ಅಡುಗೆಯವನು ತಿರುಗಿ ನೋಡಲಿಲ್ಲ. ಡಬ್ಬದೊಳಗೆ ಏನನ್ನೋ ಇನ್ನಷ್ಟು ಕೆಳಕ್ಕೆ ಒತ್ತಿದ, ಮೇಲಿನ ಹಿಟ್ಟನ್ನು ಅಂಗೈಯಿಂದ ಸವರಿ ಸಮ ಮಾಡಿದ, ಮುಚ್ಚಳ ಹಾಕಿದ. “ಹಿಟ್ಟು ಹಳೇದು ಅತ್ತಿಗೆ. ಹೋಟೆಲಿಂದ ತರಿಸ್ತೀನಿ” ಎಂದ.

ಹಿಟ್ಟು ನಿನ್ನೆ ತಂದದ್ದು. ಅತ್ತಿಗೆ ಹೊರಬಂದಳು. ಹೊರಗೆ ಬಾಣಲೆಯಿಂದ ಬೆಂಕಿಗೆ ಎಂಬಂತೆ ಇನ್ನೊಂದು ಕಾದಿತ್ತು. ಬಾಗಿಲಲ್ಲಿ ಆ ಬೀಗದ ಕೈಯ ನರ್ಸಮ್ಮ ನಿಂತಿದ್ದಳು. ಆಸ್ಪತ್ರೆಯಿಂದ ನಿವೃತ್ತಳಾಗಿ ನಾಲ್ಕು ವರ್ಷವಾಗಿದ್ದರೂ ಅದೇ ನೆಟ್ಟಗಿನ ಬೆನ್ನು, ಯಾರ ನರ ಎಲ್ಲಿದೆ ಎಂದು ಬಟ್ಟೆಯ ಮೇಲಿಂದಲೇ ಹೇಳಬಲ್ಲ ಅದೇ ಕಣ್ಣು. ಇವಳನ್ನು ಯಾರಾದರೂ ಗುರುತು ಹಿಡಿದರೆ ಮುಗಿಯಿತು, ಹಬೆಯಣ್ಣನಿಗೂ ಆ ಪರೀಕ್ಷೆಯ ಕೋಣೆಗೂ ಏನು ನಂಟೆಂದು ಕೇಳಿಯಾರು ಎಂದುಕೊಂಡು ಅತ್ತಿಗೆ ಜನರ ಕಡೆ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಏನೂ ಅನ್ನದೆಯೇ ಟ್ಯಾಕ್ಸಿಯವನು ಮಡಿಸಿದ ತೋಳನ್ನು ಸರಸರನೆ ಇಳಿಸಿದ. ಕ್ರೇನಿನವನು ಗೋಡೆಯ ಕಡೆ ತಿರುಗಿ ಖಾಲಿ ಗೋಡೆಯನ್ನು ಚಿತ್ರ ನೋಡುವಂತೆ ನೋಡತೊಡಗಿದ. ಪಕ್ಕದ ಮನೆಯ ಆಯಾ, ಶ್ರೀಮಂತರ ಮಕ್ಕಳನ್ನು ಆಡಿಸುವವಳು, ತನ್ನ ಚೀಲದೊಳಗೆ ತಲೆ ಹಾಕಿ ಏನನ್ನೋ ಹುಡುಕಿದಳು.

“ನೀವ್ಯಾರೋ ಗೊತ್ತಾಗ್ಲಿಲ್ಲ” ಎಂದ ಟ್ಯಾಕ್ಸಿಯವನು, ಬೇಕಾದ್ದಕ್ಕಿಂತ ಜೋರಾಗಿ.

“ನಾನು ಗಿರಾಕಿ” ಎಂದಳು ನರ್ಸಮ್ಮ. “ನನ್ನ ಬಿಳಿ ಕೋಟೆಲ್ಲ ಇವರ ಹತ್ತಿರಾನೇ ಇಸ್ತ್ರಿ ಆಗ್ತಿತ್ತು.”

“ಬಿಳಿ ಕೋಟಾ? ಹಾಗಾದ್ರೆ ಬೇಕರಿ ಇರಬೇಕು!”

“ಹೂಂನಪ್ಪಾ, ಬೇಕರಿ” ಎಂದಳು ಅವಳು ರೆಪ್ಪೆ ಬಡಿಯದೆ, ಮತ್ತು ಯಾರ ಮುಖವನ್ನೂ ನೋಡದೆ ಮೂಲೆಯ ಕುರ್ಚಿಯಲ್ಲಿ ಹೋಗಿ ಕೂತಳು.

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಒಂದಾದರೆ ಸರಿ. ಮನೆ ತುಂಬ ಬೆಕ್ಕುಗಳೇ ಆದರೆ ಏನೆಂದುಕೊಳ್ಳುವುದು? ಆದರೆ ಅತ್ತಿಗೆಗೆ ಯೋಚಿಸಲು ಪುರುಸೊತ್ತಿರಲಿಲ್ಲ. ಹನ್ನೆರಡರ ರೈಲಿಗೆ ಅವಳ ಅಣ್ಣ ಬರುವವನಿದ್ದ. ನಲವತ್ತು ವರ್ಷ ಮೇಷ್ಟ್ರಾಗಿದ್ದವನು. ಬೇರೆಯವರ ಮನೆಯ ಲೋಟವನ್ನು ತನ್ನ ಕರ್ಚೀಫಿನಿಂದ ಒರೆಸದೆ ನೀರು ಕುಡಿಯದವನು, ಬಾಗಿಲ ಹಿಡಿಯನ್ನು ಮೊಳಕೈಯಿಂದ ತೆಗೆಯುವವನು. ಎಂಟು ತಿಂಗಳ ಹಿಂದೆ ಮಗಳ ಮನೆಗೆಂದು ಈ ದೇಶಕ್ಕೆ ಬಂದು, ಆರು ತಾಸು ದೂರದ ಊರಿನಲ್ಲಿದ್ದ. ಅವಳ ಕಡೆಯ ರಕ್ತಸಂಬಂಧ ಎಂದರೆ ಅವನೊಬ್ಬನೇ. ಅವನು ಹಿಂದೆ ಸರಿದರೆ ಬೀದಿಯೇ ಹಿಂದೆ ಸರಿದಂತೆ. ಅವನು ಬರುವುದರೊಳಗೆ ಸ್ನಾನ ಮುಗಿದಿರಬೇಕು.

ಅವಳು ಬಿಸಿನೀರಿನ ಪಾತ್ರೆ ಎತ್ತಿಕೊಂಡು ಒಳಕೋಣೆಯ ಕಡೆ ಹೊರಟಳು.

*

ಅಂಗಡಿಯಲ್ಲಿ ಹಬೆಯಣ್ಣನದೊಂದು ಕಟ್ಟಳೆಯಿತ್ತು. ಹೊಸದಾಗಿ ಬಂದವರು ತಮ್ಮ ಒಂದೇ ಒಳ್ಳೆಯ ಶರ್ಟನ್ನು ಕೆಲಸ ಕೇಳಲು ಹೋಗುವ ಮುನ್ನ ಇಸ್ತ್ರಿಗೆ ತರುತ್ತಿದ್ದರು. ಅವನು ಕನ್ನಡಿಯ ಹಾಗೆ ಇಸ್ತ್ರಿ ಮಾಡಿ, ತಂತಿಗೆ ನೇತುಹಾಕಿ, ಕೊಡಲು ಒಲ್ಲೆ ಎನ್ನುತ್ತಿದ್ದ.

“ಶರ್ಟು ಬೇಕಾ? ಕೈ ತೋರಿಸು.”

“ಯಾವ ಕೈ?”

“ರಕ್ತ ತೆಗೆದ ಕೈ. ಮೊಳಕೈ ಒಳಗೆ ಹತ್ತಿ ಅಂಟಿಸಿರ್ತಾರಲ್ಲ, ಅದನ್ನ ತೋರಿಸು, ಶರ್ಟು ತಗೊಂಡು ಹೋಗು.”

“ಇದ್ಯಾವ ನ್ಯಾಯ? ನನ್ನ ಶರ್ಟು ಅದು!”

“ಹೌದಪ್ಪಾ, ನಿನ್ನ ಶರ್ಟೇ. ಅದರೊಳಗಿರೋನು ಯಾರು ಅಂತ ನಿನಗೂ ಗೊತ್ತಿರಲಿ.”

ಆಮೇಲೆ ಶಟರನ್ನು ಅರ್ಧ ಇಳಿಸಿ ಹತ್ತು ನಿಮಿಷ ಏನೋ ಪಿಸುಗುಟ್ಟುತ್ತಿದ್ದ. ಹಿಂದಿನ ಕೋಣೆಯಲ್ಲಿ ಒಗೆಯುವ ಯಂತ್ರದ ಗಡಗಡದ ನಡುವೆ ಅತ್ತಿಗೆಗೆ ಕೇಳಿಸುತ್ತಿರಲಿಲ್ಲ. ಯಾವ ಬಸ್ಸು ಹತ್ತಬೇಕು, ಯಾವ ಬಾಗಿಲು ತಟ್ಟಬೇಕು ಎಂದು ಹೇಳುತ್ತಿರಬೇಕು ಎಂದುಕೊಳ್ಳುತ್ತಿದ್ದಳು. ಬಿಗಿದ ಮುಖದಲ್ಲಿ ಶಟರಿನ ಕೆಳಗೆ ನುಸುಳಿ ಒಳಹೋದವರು ಹೊರಬರುವಾಗ ತಾವೇ ಇಸ್ತ್ರಿಯಾದಂತೆ ಇರುತ್ತಿದ್ದರು. ಮರುದಿನ ಹಬೆಯಣ್ಣ ಅಂಗಡಿಗೆ ಬೀಗ ಹಾಕಿ ಅವರ ಜೊತೆ ಹೋಗಿ ಆ ಬೆಂಚಿನ ಮೇಲೆ ಕೂತು ಬರುತ್ತಿದ್ದ. ಎಷ್ಟೋ ಮಂದಿಯ ಜೊತೆ, ಎಷ್ಟೋ ವರ್ಷ.

“ನಿಮಗ್ಯಾಕ್ರೀ ಈ ಉಸಾಬರಿ? ಅವರಿಗೇನಾದ್ರೂ ಅನುಮಾನ ಬಂದ್ರೆ?” ಎಂದು ಅವಳು ಗದರುತ್ತಿದ್ದಳು.

“ಏನಂತ ಬರುತ್ತೆ? ತಲೆಕೆಟ್ಟ ಇಸ್ತ್ರಿಯೋನು ಅಂತಾರೆ. ಅದು ಹೇಗೂ ಊರಿಗೇ ಗೊತ್ತು” ಎಂದು ಅವನು ನೀರು ಚಿಮುಕಿಸಿ ಮುಂದಿನ ಶರ್ಟಿಗೆ ಕೈ ಹಾಕುತ್ತಿದ್ದ.

*

ಒಳಕೋಣೆಯ ಬಾಗಿಲ ಮುಂದೆ ಜಗಳ ಹತ್ತಿತ್ತು.

“ನಾನೊಬ್ಬನೇ ಅಂತ ಬೆಳಿಗ್ಗೇನೇ ಹೇಳಿದ್ದೆ!” ಟ್ಯಾಕ್ಸಿಯವನು ಬಾಗಿಲ ಹಿಡಿಯನ್ನು ಹಿಡಿದುಕೊಂಡಿದ್ದ.

“ನೀನೊಬ್ಬನೇ ಹೆಂಗಯ್ಯಾ?” ಕ್ರೇನಿನವನು ಅದೇ ಹಿಡಿಯ ಮೇಲೆ ತನ್ನ ಕೈ ಇಟ್ಟಿದ್ದ. “ಸ್ಟೀರಿಂಗು ಬಿಟ್ರೆ ನಿನಗೆ ಎತ್ತೋದು ಏನು ಗೊತ್ತು? ನಾನು ದಿನಾ ಹತ್ತು ಟನ್ನು ಎತ್ತೋನು. ನೀವೆಲ್ಲ ಆಚೆ ಇರಿ, ನಾನೊಬ್ಬನೇ ಸಾಕು.”

“ಇಬ್ರೂ ಆಚೆ ನಡೀರಿ” ಎಂದು ಅಡುಗೆಯವನು ಹೊಟ್ಟೆಯನ್ನು ಅವರಿಬ್ಬರ ನಡುವೆ ತೂರಿಸಿದ. “ನಾನು ಮಾಡಿಸ್ತೀನಿ. ಒಬ್ಬನೇ.”

“ಮೂವರೂ ದೂರ ಸರೀರಿ!” ಅತ್ತಿಗೆ ಬಿಸಿನೀರಿನ ಪಾತ್ರೆಯನ್ನು ಗುರಾಣಿಯಂತೆ ಹಿಡಿದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. “ಹೆಂಡತಿ ನಾನು. ಒಳಗೆ ಹೋಗೋದಾದ್ರೆ ನಾನು ಹೋಗ್ತೀನಿ, ಇಲ್ಲ ಯಾರೂ ಇಲ್ಲ.”

“ನಿಮಗೆ ಹೇಗೆ ಹೇಳೋದು ಅತ್ತಿಗೆ!” ಟ್ಯಾಕ್ಸಿಯವನ ದನಿ ಒಡೆಯಿತು. “ಇವರಿಗೆಲ್ಲ ಗೊತ್ತಿಲ್ಲ. ಅಣ್ಣ ನನಗೊಬ್ಬನಿಗೇ ಒಂದು ಮಾತು ಹೇಳಿದ್ದ. ಬೇರೆಯವರು ಒಳಗೆ ಹೋದ್ರೆ ಏನಾದ್ರೂ ಆಡ್ಕೊಂಡಾರು. ಅದಕ್ಕೇ ನಾನೇ ಹೋಗ್ಬೇಕು.”

ಕ್ರೇನಿನವನ ಕೈ ಹಿಡಿಯಿಂದ ಜಾರಿತು.

“ನಿನಗೊಬ್ಬನಿಗೇನಾ?”

“ಹೂಂ.”

“ಶಟರು ಅರ್ಧ ಇಳಿಸಿ?”

ಟ್ಯಾಕ್ಸಿಯವನು ಕಣ್ಣು ಕಿರಿದು ಮಾಡಿದ. “...ಹೂಂ.”

“ಇಸ್ತ್ರಿ ಮೇಜಿನ ಮೇಲೆ ಕೂರಿಸಿ?” ಎಂದ ಅಡುಗೆಯವನು ಸಣ್ಣ ದನಿಯಲ್ಲಿ.

“ನಿನಗ್ಹೆಂಗೆ ಗೊತ್ತು?”

“ಹೇಳಿದ್ದು ಹೆಂಡತಿಗೆ ಗೊತ್ತಾದ್ರೆ ಕಾದ ಇಸ್ತ್ರಿಪೆಟ್ಟಿಗೆ ಬೆನ್ನ ಮೇಲೆ ಇಡ್ತಾಳೆ ಅಂತ ಆಣೆ ಹಾಕಿಸ್ಕೊಂಡ್ರಾ?” ಇದು ಆಯಾಳ ದನಿ, ಚೀಲದಿಂದ ತಲೆ ಎತ್ತಿದ್ದಳು.

ಎಲ್ಲರೂ ಒಟ್ಟಿಗೆ ಅತ್ತಿಗೆಯ ಮುಖ ನೋಡಿದರು. ಅತ್ತಿಗೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇಪ್ಪತ್ತೊಂಬತ್ತು ವರ್ಷ ತಾನು ಹಲ್ಲು ಕಚ್ಚಿ ಕಾದ ಬೀಗದ ಕೈಯನ್ನು ಆ ಮಹಾನುಭಾವ ಬೀದಿಗೆಲ್ಲ ಒಂದೊಂದು ಮಾಡಿಸಿ ಕೊಟ್ಟಿದ್ದ.

“ಎಷ್ಟು ಜನಕ್ಕೆ ಹೇಳಿದ್ದಾರೆ?” ಎಂದಳು.

ನಡುಮನೆಯಲ್ಲಿ ಒಂದು ಕೈ ಮೇಲೆದ್ದಿತು, ಮೆಟ್ಟಿಲ ಮೇಲೆ ಎರಡು, ಬಾಗಿಲಾಚೆ ನಾಲ್ಕು. ಕಿಟಕಿಯಿಂದ ನೋಡುತ್ತಿದ್ದ ಆಯಾ, “ಕೆಳಗೆ ಬೀದಿಯಲ್ಲೂ ಎತ್ತುತಾ ಇದಾರೆ ಅತ್ತಿಗೆ. ಯಾಕೆ ಅಂತ ಕೇಳ್ದೇನೇ ಎತ್ತುತಿದಾರೋ ಏನೋ” ಎಂದಳು.

“ಯಾವ ಮಾತು ಅದು?”

ಮೆಟ್ಟಿಲ ಬಾಯಲ್ಲಿ ಮೇಷ್ಟ್ರು ನಿಂತಿದ್ದ. ರೈಲು ಬೇಗ ಬಂದಿತ್ತು. ಕತ್ತಿನವರೆಗೆ ಗುಂಡಿ ಹಾಕಿದ ಕಪ್ಪು ಕೋಟು, ಕೈಯಲ್ಲಿ ಕರ್ಚೀಫು. “ಅವನು ಎಲ್ಲರಿಗೂ ಹೇಳಿದ, ನನಗೆ ಮಾತ್ರ ಹೇಳದ ಮಾತು ಯಾವುದು?”

ಟ್ಯಾಕ್ಸಿಯವನು ಅತ್ತಿಗೆಯ ಕಡೆ ತಿರುಗಿದ. ಹೇಳಬೇಕಾದವಳು ತಾನೇ ಎಂದು ಅತ್ತಿಗೆಗೆ ಗೊತ್ತಾಯಿತು.

“ಅವರಿಗೆ ಎಚ್‌ಐವಿ ಇತ್ತು ಅಣ್ಣಯ್ಯ. ಮದುವೆಗೆ ಮುಂಚಿನಿಂದ. ಗೊತ್ತಿದ್ದೇ ಮದುವೆಯಾದೆ.”

ಮೇಷ್ಟ್ರು ಕರ್ಚೀಫನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಕೊನೆಗೆ, “ಇಲ್ಲಿ ತಿಳಿದವರು ಯಾರಾದರೂ ಇದಾರಾ?” ಎಂದ, ತರಗತಿಯಲ್ಲಿ ಕೇಳುವಂತೆ.

ಎಲ್ಲರ ಕಣ್ಣೂ ಮೂಲೆಯ ಕುರ್ಚಿಗೆ ಹೋದವು.

“ಬೇಕರಿಯಮ್ಮಾ” ಎಂದ ಕ್ರೇನಿನವನು, “ಹೇಳಿಬಿಡಿ.”

ನರ್ಸಮ್ಮ ಎದ್ದಳು. “ಮೇಷ್ಟ್ರೇ, ಲೋಟದಿಂದ ಬರಲ್ಲ. ಮುಟ್ಟಿದ್ರೆ, ಅಪ್ಪಿಕೊಂಡ್ರೆ, ಒಂದೇ ತಟ್ಟೆಯಲ್ಲಿ ಉಂಡ್ರೆ ಬರಲ್ಲ. ಮಾತ್ರೆ ತಪ್ಪದೆ ತಗೊಂಡೋರ ರಕ್ತದಲ್ಲಿ ಅದು ನಮ್ಮ ಯಂತ್ರಕ್ಕೇ ಸಿಗದಷ್ಟು ಕಮ್ಮಿ ಇರುತ್ತೆ. ಗೊತ್ತಾದ್ರೆ ಮಾತ್ರೆ ಸಿಗುತ್ತೆ, ಅದಕ್ಕೇ ನೋಡೋದು. ಇಷ್ಟೇ ಪಾಠ.”

“ಹಾಗಾದ್ರೆ ಜನ ಯಾಕೆ ಹೆದರ್ತಾರೆ?”

“ನಾನು ಹೆದರಿದ್ದು ವಾಪಸು ಕಳಿಸ್ತಾರೆ ಅಂತ” ಎಂದ ಕ್ರೇನಿನವನು. “ಇಲ್ಲಿ ಇರೋ ಪರವಾನಗಿಗೆ ಪರೀಕ್ಷೆ ಕಡ್ಡಾಯ ಅಂತ ಕಾಗದ ಬಂತು. ನಾನು ಕ್ರೇನಿನ ತುದಿಗೆ ಹತ್ತಿ ಕೂತೆ, ಮಧ್ಯಾಹ್ನವಾದ್ರೂ ಇಳೀಲಿಲ್ಲ. ಅಣ್ಣ ಕೆಳಗೆ ನಿಂತು ನನ್ನ ಶರ್ಟು ಬಾವುಟದ ಥರ ಬೀಸಿದ. ಬಂದರಿಗೇ ಬಂದರು ನಗ್ತಿತ್ತು. ಇಳೀದೆ ಏನ್ಮಾಡ್ಲಿ?”

“ನನಗೆ ಮೂರು ತಿಂಗಳಾಗಿತ್ತು” ಎಂದಳು ಆಯಾ. “ಬಸುರಿಯರಿಗೆಲ್ಲ ಕೇಳ್ತಾರೆ ಅಂದ್ರು. ನನ್ನನ್ನ ಏನಂದ್ಕೊಂಡಿದೀರಾ ಅಂತ ಜಗಳ ಆಡಿ ಬಂದಿದ್ದೆ. ‘ನಿನಗಲ್ಲ ಕಣಮ್ಮಾ, ಒಳಗಿರೋ ಗಿರಾಕಿಗೆ’ ಅಂದ ಅಣ್ಣ.”

“ನನ್ನ ಹೆಂಡತಿ ಬರೋಳಿದ್ಲು, ನಾಲ್ಕು ವರ್ಷ ಆದ್ಮೇಲೆ” ಎಂದ ಟ್ಯಾಕ್ಸಿಯವನು, ಅಷ್ಟೇ. ಮುಂದಿನದನ್ನು ಯಾರೂ ಕೇಳಲಿಲ್ಲ.

ಕೊನೆಗೆ ಅಡುಗೆಯವನು ಮುಂದೆ ಬಂದ. “ಊರಲ್ಲಾಗಿದ್ರೆ ನಾನು ಆಸ್ಪತ್ರೆ ಮೆಟ್ಟಿಲು ಇಳಿಯೋಕೆ ಮುಂಚೆ ಸುದ್ದಿ ಮನೆ ಮುಟ್ಟಿರ್ತಿತ್ತು. ಇಲ್ಲಿ ನನ್ನನ್ನ ಕೇಳೋರೇ ಇರಲಿಲ್ಲ. ಆ ಧೈರ್ಯದ ಮೇಲೆ ಹೋದೆ.” ಅವನು ಹಿಟ್ಟಾದ ಕೈಯನ್ನು ನೋಡಿಕೊಂಡ. “ನನಗೂ ಇದೆ. ಹದಿನಾಲ್ಕು ವರ್ಷ ಆಯ್ತು. ಡಬ್ಬಿ ಹಿಟ್ಟಲ್ಲಿಡು ಅಂತ ಹೇಳಿಕೊಟ್ಟೋನೂ ಅಣ್ಣನೇ.”

ಹದಿನಾಲ್ಕು ವರ್ಷದಿಂದ ಅವನ ಕೈಯಡುಗೆ ಉಂಡ ಬೀದಿ ಅದು.

“ಅದಕ್ಕೇನೀಗ?” ಎಂದ ಕ್ರೇನಿನವನು. “ನಿನ್ನ ಅಡುಗೇಲಿ ಉಪ್ಪು ಜಾಸ್ತಿಯಾಗೋದಕ್ಕೆ ಏನಾದ್ರೂ ಮಾತ್ರೆ ಇದ್ಯಾ ಕೇಳಯ್ಯ ಬೇಕರಿಯಮ್ಮನ್ನ.”

ಮೊದಲು ನಕ್ಕವಳು ಅತ್ತಿಗೆ. ಸತ್ತ ಮನೆ ಎಂಬುದನ್ನು ಮರೆತು, ಪಾತ್ರೆಯ ನೀರು ಚೆಲ್ಲುವಂತೆ, ಮೂರು ದಿನ ಬಾರದ ಅಳುವೂ ಅದರ ಹಿಂದೆಯೇ ಬರುವಂತೆ ನಕ್ಕಳು. ನಗೆ ನಡುಮನೆ ದಾಟಿ, ಮೆಟ್ಟಿಲಿಳಿದು ಬೀದಿಗೆ ಹೋಯಿತು. ಯಾಕೆಂದು ತಿಳಿಯದವರೂ ಕೆಳಗೆ ನಗತೊಡಗಿದರು.

ಮೇಷ್ಟ್ರು ನಗಲಿಲ್ಲ. ಕೋಟಿನ ಒಳಜೇಬಿನಿಂದ ಒಂದು ಕಾಗದ ತೆಗೆದ. ಮಡಿಕೆಗಳು ಸವೆದಿದ್ದವು. “ಇಲ್ಲೇ ಇರಬೇಕಾದರೆ ಎಲ್ಲ ಪರೀಕ್ಷೆ ಮಾಡಿಸಿಕೊಳ್ಳಿ, ಅದರಲ್ಲಿ ಇದೂ ಒಂದು ಅಂತ ಬಂದಿದೆ. ಮೂರು ತಿಂಗಳಾಯಿತು. ಈ ವಯಸ್ಸಿನಲ್ಲಿ, ಮೇಷ್ಟ್ರಿಗೆ, ಇಂಥ ಪರೀಕ್ಷೆಯೇ ಅಂತ ನನಗೆ ಅವಮಾನ. ಹೋದ ವಾರ ಭಾವನಿಗೆ ಫೋನ್ ಮಾಡಿ ಬೈದೆ, ನಿಮ್ಮ ದೇಶ ಎಂಥದಯ್ಯಾ ಅಂತ. ಅವನು ನಕ್ಕ. ‘ಬನ್ನಿ, ಜೊತೆಗೆ ನಾನು ಬರ್ತೀನಿ. ಒಂದು ಮಾತಿದೆ, ನಿಮಗೊಬ್ಬರಿಗೇ ಹೇಳೋದು. ಫೋನಲ್ಲಿ ಆಗಲ್ಲ’ ಅಂದ.” ಅವನು ಕಾಗದವನ್ನು ಮತ್ತೆ ಮಡಿಸಿದ. “ಇದೇನಾ ಅದು?”

“ಇದೇ ಅಣ್ಣಯ್ಯ.”

ಮೇಷ್ಟ್ರು ಕಾಗದವನ್ನು ನರ್ಸಮ್ಮನ ಕೈಗೆ ಕೊಟ್ಟ. “ನಾಳೆ ಯಾವ ಬಸ್ಸು ಅಂತ ಆಮೇಲೆ ಹೇಳಿ.” ಕುತ್ತಿಗೆಯ ಗುಂಡಿಯಿಂದ ಶುರುಮಾಡಿ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ, ಶರ್ಟಿನ ತೋಳು ಮಡಿಸಿದ, ತಂಗಿಯ ಕೈಯಿಂದ ಪಾತ್ರೆ ತೆಗೆದುಕೊಂಡು ಬೆರಳಿನಿಂದ ನೀರು ಮುಟ್ಟಿ ನೋಡಿದ.

“ಆರಿಹೋಗಿದೆ. ಇನ್ನೊಂದು ಸಲ ಕಾಯಿಸಿ. ಜೀವನವೆಲ್ಲ ಹಬೆಯಲ್ಲಿ ನಿಂತವನಿಗೆ ತಣ್ಣೀರು ಹಾಕ್ತೀರಾ?”

ಆ ಪುಟ್ಟ ಕೋಣೆಗೆ ಅಂದು ಒಂಬತ್ತು ಜನ ಹೊಕ್ಕರು. ತಲೆಗೆ ಯಾರು, ಕಾಲಿಗೆ ಯಾರು ಎಂದು ಒಳಗೂ ಜಗಳ. “ಬೆನ್ನು ನನ್ನದು, ಯಾರೂ ಮುಟ್ಟಬೇಡಿ” ಎಂದು ಅತ್ತಿಗೆ ಮೊದಲೇ ಹೇಳಿದ್ದಳು. ಅದನ್ನು ಎಲ್ಲರೂ ಒಪ್ಪಿದರು.

*

ಮಧ್ಯಾಹ್ನ ಎರಡಕ್ಕೆ ಶವದ ಗಾಡಿ ಬಂದು ಬಾಗಿಲು ತೆರೆದು ನಿಂತಿತು. ಮೆಟ್ಟಿಲು ಕಿರಿದು, ಹೊರುವವರು ಬಹಳ. ಕೊನೆಗೆ ಯಾರೂ ನಡೆಯುವುದೇ ಬೇಕಾಗಲಿಲ್ಲ: ಮೂರನೆಯ ಅಂತಸ್ತಿನಿಂದ ಬೀದಿಯವರೆಗೆ ಎರಡೂ ಬದಿ ನಿಂತವರ ಕೈಯಿಂದ ಕೈಗೆ ಶವದ ಪೆಟ್ಟಿಗೆ ತಾನೇ ಇಳಿಯಿತು. ಕೆಳಗೆ ಗಾಡಿಯ ಚಾಲಕ, “ಇಲ್ಲಿಡಿ, ಇಲ್ಲಿಡಿ” ಎಂದು ಕೂಗಿದ. ಕೈಗಳು ಅವನ ತಲೆಯ ಮೇಲಿಂದಲೇ ಪೆಟ್ಟಿಗೆಯನ್ನು ದಾಟಿಸಿಕೊಂಡು ಮುಂದೆ ಹೋದವು.

“ಮಸಣ ಮೂರು ಮೈಲಿ ಇದೆ ಕಣ್ರಪ್ಪಾ! ನಾನು ಏನು ಹೊತ್ಕೊಂಡು ಹೋಗ್ಲಿ?”

“ಇದನ್ನ ಹೊತ್ಕೋ” ಎಂದು ಟ್ಯಾಕ್ಸಿಯವನು ತನ್ನ ಕೋಟನ್ನು ಗಾಡಿಯೊಳಕ್ಕೆ ಎಸೆದ. ಬಿಸಿಲು ಬಂದಿತ್ತು, ಹೆಗಲಿಗೆ ಹಿಡಿತ ಬೇಕಿತ್ತು. ಅವನ ಹಿಂದೆ ಕ್ರೇನಿನವನ ಕೋಟು, ಅಡುಗೆಯವನ ಕೋಟು, ಆಮೇಲೆ ಯಾರ್ಯಾರದೋ, ಹತ್ತು, ಇಪ್ಪತ್ತು, ನಲವತ್ತು. ಮುಂದಿನ ಬಲಹೆಗಲು ಮೇಷ್ಟ್ರದಾಗಿತ್ತು. ಮೊದಲ ತಿರುವಿನಲ್ಲಿ ಟ್ಯಾಕ್ಸಿಯವನು, “ಬಿಡಿ ಮೇಷ್ಟ್ರೇ, ನನ್ನ ಸರದಿ” ಎಂದ. ಎರಡನೆಯ ತಿರುವಿನಲ್ಲಿ ಅಡುಗೆಯವನು ಬೇಡಿಕೊಂಡ. ಮೇಷ್ಟ್ರು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ತಿರುವಿನಲ್ಲಿ ಮೊಣಕಾಲು ತಾನೇ ಮಡಚಿಕೊಂಡಾಗ ನಾಲ್ವರು ಅವನನ್ನೂ ಎತ್ತಿಕೊಂಡು ಗಾಡಿಯ ಕಡೆ ನಡೆದರು; “ಇನ್ನೂ ಮುಗಿದಿಲ್ಲ, ಇಳಿಸ್ರೋ” ಎಂದು ಅವನು ಕೂಗುತ್ತಲೇ ಇದ್ದ.

ಅತ್ತಿಗೆ ನಡೆಯುತ್ತ ಒಮ್ಮೆ ಹಿಂತಿರುಗಿ ನೋಡಿದಳು. ಗಾಡಿ ಜನರ ಹಿಂದೆ ಹೆಜ್ಜೆ ಹೆಜ್ಜೆಗೂ ನಿಂತು ನಿಂತು ಬರುತ್ತಿತ್ತು. ಪೆಟ್ಟಿಗೆ ಇರಬೇಕಾದ ಜಾಗದಲ್ಲಿ ಗಾಜಿನವರೆಗೂ ಕೋಟುಗಳು, ಇನ್ನೂ ಮೈಯ ಬಿಸಿ ಆರದವು. ಅವುಗಳ ನಡುವೆ ಗಲ್ಲದವರೆಗೆ ಹೂತುಹೋಗಿ, ಯಾರ ಕೋಟನ್ನೂ ಒರೆಸದೆ, ಎಲ್ಲವನ್ನೂ ಎರಡು ತೋಳಲ್ಲಿ ತಬ್ಬಿಕೊಂಡು ಮೇಷ್ಟ್ರು ಕೂತಿದ್ದ.